ಆದೇಶ ಎಂದರೆ ಬರೀ ಅಪ್ಪಣೆಯಲ್ಲ

ಖಟಕ ಚಿಂಚೋಳಿಯ ಹಿರಿಯರೆ, ವಿದ್ಯಾರ್ಥಿ ಮಿತ್ರರೆ,

ಆದೇಶ ಎಂದೊಡನೆ ನಮಗೆ ತಹಶೀಲ್ದಾರರ ಕಚೇರಿ ನೆನಪಾಗುತ್ತದೆ. ವ್ಯಾಕರಣದಲ್ಲಿ ಆ ಪದದ ಅರ್ಥವೇ ಬೇರೆ: ಒಂದರ ಸ್ಥಾನದಲ್ಲಿ ಇನ್ನೊಂದು ಬರುವುದು. ಮಳೆ, ಕಾಲ ಎರಡೂ ಸೇರಿದಾಗ ಕಕಾರ ಹೋಗಿ ಗಕಾರ ಬಂದು ಮಳೆಗಾಲವಾಗುತ್ತದೆ. ಅಕ್ಷರ ಬದಲಾಯಿತು, ಅರ್ಥ ಉಳಿಯಿತು.

ಗಣಿತದಲ್ಲೂ ‘ಆದೇಶ ವಿಧಾನ’ ಉಂಟು. ಒಂದು ಪೆನ್ನಿನ ಬೆಲೆ ಎರಡು ಪೆನ್ಸಿಲಿಗೆ ಸಮ. ಒಂದು ಪೆನ್ನು, ಒಂದು ಪೆನ್ಸಿಲು ಸೇರಿ 15 ರೂಪಾಯಿ ಎನ್ನಿ. ಪೆನ್ನಿನ ಸ್ಥಾನದಲ್ಲಿ ಎರಡು ಪೆನ್ಸಿಲು ಇಟ್ಟರೆ ಒಂದು ಪೆನ್ಸಿಲಿಗೆ 5 ರೂಪಾಯಿ. ಬೆಲೆ ಸಮವಿದ್ದುದರಿಂದಲೇ ಲೆಕ್ಕ ಕೂಡಿತು.

ಇನ್ನು ಕಾನೂನು. ಇಲ್ಲಿ ಎಪ್ಪತ್ತೈದು ದಾಟಿದವರು ಊರು ಬಿಟ್ಟು ಕದಲದೆಯೇ ಮೂರು ರಾಜ್ಯ ಕಂಡಿದ್ದಾರೆ: ಮೊದಲು ಹೈದರಾಬಾದ್, 1956ರ ನವೆಂಬರ್ 1ರಿಂದ ಮೈಸೂರು, 1973ರ ನವೆಂಬರ್ 1ರಿಂದ ಕರ್ನಾಟಕ. ಹಾಗಾದರೆ ಅಜ್ಜನ ಕಾಲದ ಹೊಲದ ಕಾಗದ ರದ್ದಿಗೆ ಹಾಕಬೇಕೆ? ಬೇಡ. ಹಳೆಯ ಕಾನೂನುಗಳು ಬದಲಿಸುವವರೆಗೂ ನಡೆಯತಕ್ಕವೆಂದು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯೇ ಹೇಳಿತು. 1973ರಲ್ಲಿ ಸಂವಿಧಾನದೊಳಗೆ ‘ಮೈಸೂರು’ ಎಂದಿದ್ದಲ್ಲಿ ‘ಕರ್ನಾಟಕ’ ಬಂತು. ರಾಜ್ಯದ ಹೆಸರು ಬದಲಾದ ಮಾತ್ರಕ್ಕೆ ಯಾರ ಹಕ್ಕೂ, ಯಾರ ಸಾಲವೂ ಅಳಿಯಲಿಲ್ಲ.

ಪೆಟ್ಟಿಗೆಯಲ್ಲಿರುವ ಹಳೆಯ ಮುದ್ರೆಯ ಕಾಗದಗಳನ್ನು ಜೋಪಾನ ಮಾಡಿ. ಮಾಸ್ತರರು ರಜೆ ಹೋದಾಗ ಬದಲಿ ಮಾಸ್ತರರು ಬಂದರೆ, ಕುರ್ಚಿ ತುಂಬಿತೆಂದು ಸುಮ್ಮನಾಗಬೇಡಿ. ಪಾಠ ನಡೆಯಿತೆ ಎಂದು ಮಕ್ಕಳನ್ನು ಕೇಳಿ.