ಏರುವ ಮೊದಲು ಬುಡ ನೋಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಿಂದ ಹೊರಟವರು ಡಾಕ್ಟರ್ ಆಗಿದ್ದಾರೆ, ಶಿಕ್ಷಕರಾಗಿದ್ದಾರೆ, ಸೈನ್ಯ ಸೇರಿದ್ದಾರೆ. ಅವರ ಮಾತು ಕೇಳಿದಿರಿ. ನನ್ನ ಕೆಲಸ ಬೇರೆ. ಕಟ್ಟಡ ಕಟ್ಟುವ ಜಾಗದಲ್ಲಿ ಕೂಲಿಕಾರರು ಬೀಳದಂತೆ ನೋಡಿಕೊಳ್ಳುವುದು ನನ್ನ ನೌಕರಿ. ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ. ಏಕೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವವರು ಬಹಳ. ಗೋವಾ, ಪುಣೆ, ಮಂಗಳೂರು, ಬೆಂಗಳೂರು ಎಲ್ಲಿಗೆ ಹೋದರೂ ಹೆಚ್ಚಿನವರಿಗೆ ಸಿಗುವುದು ಕಟ್ಟಡದ ಕೆಲಸ. ಅಲ್ಲಿ ಅವರು ನಿಲ್ಲುವುದು ಸಾರುವೆಯ ಮೇಲೆ.

ಸಾರುವೆ ಎಂದರೆ ಗೋಡೆ ಕಟ್ಟಲು, ಗಿಲಾವು ಮಾಡಲು, ಬಣ್ಣ ಹಚ್ಚಲು ಕಂಬ ನೆಟ್ಟು ಹಲಗೆ ಹಾಸಿ ಮಾಡುವ ಅಟ್ಟ. ಗೋಡೆ ಐವತ್ತು ವರ್ಷ ನಿಲ್ಲಬೇಕೆಂದು ಸಿಮೆಂಟು ನೋಡಿ ತರುತ್ತೇವೆ. ಸಾರುವೆ ಎಂಟು ದಿನದ್ದಲ್ಲವೇ ಎಂದು ಮುರುಕು ಹಲಗೆ, ಹಳೆಯ ಹಗ್ಗ ಸಾಕು ಎನ್ನುತ್ತೇವೆ. ಆ ಎಂಟು ದಿನ ಅದರ ಮೇಲೆ ಮನುಷ್ಯರು ಇರುತ್ತಾರೆ.

ವಿಜ್ಞಾನದ ಪಾಠದಲ್ಲಿ ಗುರುತ್ವಾಕರ್ಷಣೆ ಕಲಿತಿದ್ದೇವೆ. ಈಗ ಲೆಕ್ಕ ಹಾಕಿ. 3 ಮೀಟರ್ ಎತ್ತರದಿಂದ, ಅಂದರೆ ಒಂದು ಅಂತಸ್ತಿನಿಂದ ಬಿದ್ದವನು ಒಂದು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಆಗಿನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. 6 ಮೀಟರಿನಿಂದ ಬಿದ್ದರೆ ಸುಮಾರು 39 ಕಿಲೋಮೀಟರ್. ಬೀಳುವಾಗ ಏನನ್ನಾದರೂ ಹಿಡಿದುಕೊಳ್ಳುತ್ತೇನೆ ಎನ್ನುವುದಕ್ಕೆ ಸಮಯವೇ ಇಲ್ಲ. ಆದ್ದರಿಂದ ಬೀಳದಂತೆ ಮಾಡುವ ಕೆಲಸವೆಲ್ಲ ಏರುವ ಮೊದಲೇ ಮುಗಿದಿರಬೇಕು. ನನ್ನ ಇಡೀ ಭಾಷಣದ ಸಾರ ಇಷ್ಟೇ.

ನಮ್ಮ ಹೊಲದ ಬಾವಿಯ ಉದಾಹರಣೆ ಕೊಡುತ್ತೇನೆ. ತೆರೆದ ಬಾವಿ ಒಂದು ಅಪಾಯ. ಅದು ಯಾರೂ ಹೋಗದ ಮೂಲೆಯಲ್ಲಿದ್ದರೆ ಬೀಳುವ ಸಂಭವ ಕಡಿಮೆ, ಮಕ್ಕಳು ಆಡುವಲ್ಲಿದ್ದರೆ ಹೆಚ್ಚು. ಯಾರು ಬೀಳಬಹುದು, ಎಷ್ಟು ಪೆಟ್ಟಾಗಬಹುದು ಎಂದು ಮೊದಲೇ ಯೋಚಿಸುವುದೇ ಅಪಾಯದ ಅಂದಾಜು. ಇನ್ನು ತಡೆಯುವುದು. ಬಾವಿ ಬೇಡವಾಗಿದ್ದರೆ ಮುಚ್ಚುವುದು ಎಲ್ಲಕ್ಕಿಂತ ಒಳ್ಳೆಯದು. ಬೇಕಾಗಿದ್ದರೆ ಸುತ್ತ ಕಟ್ಟೆ ಕಟ್ಟಬೇಕು. ಮಗುವಿಗೆ "ಜ್ವಾಕಿ" ಎಂದು ಹೇಳುವುದು ಕಡೆಯ ಉಪಾಯ. ಸೈಟಿನಲ್ಲಿ ನಾವು ಮಾಡುವುದು ಬಹುಮಟ್ಟಿಗೆ ಈ ಕಡೆಯದನ್ನು ಮಾತ್ರ. ನೆಲದ ಮೇಲೆ ಮಾಡಬಹುದಾದ ಕೆಲಸ ನೆಲದ ಮೇಲೆಯೇ ಆಗಲಿ. ಮೇಲೆ ಮಾಡಲೇಬೇಕಾದರೆ ಕಟಕಟೆ ಇರಲಿ. ಬೆಲ್ಟು ಆಮೇಲಿನದು. ಹೆಲ್ಮೆಟ್ ತಲೆ ಕಾಯುತ್ತದೆ, ಬೀಳುವುದನ್ನು ತಡೆಯುವುದಿಲ್ಲ.

ಈಗ ಬುಡದಿಂದ ಶುರು ಮಾಡೋಣ. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ನಿನ್ನೆ ಗಟ್ಟಿಯಾಗಿ ನಿಂತ ಕಂಬ ಒಂದು ಮಳೆಗೆ ಇಷ್ಟಿಷ್ಟೇ ಇಳಿಯುತ್ತದೆ. ಒಂದು ಕಂಬ ಇಳಿದರೆ ಇಡೀ ಸಾರುವೆ ವಾಲುತ್ತದೆ. ಕಂಬದ ಕೆಳಗೆ ದಪ್ಪ ಹಲಗೆ ಅಥವಾ ಗಟ್ಟಿ ಕಲ್ಲುಚಪ್ಪಡಿ ಇಡಿ. ಬಿಡಿ ಇಟ್ಟಿಗೆ ಪೇರಿಸಿ ಎತ್ತರ ಸರಿಮಾಡಬೇಡಿ.

ಎರಡನೆಯದು ಓರೆ ಕಟ್ಟು. ನಾಲ್ಕು ಕಡ್ಡಿ ಕಟ್ಟಿ ಚೌಕ ಮಾಡಿ ಒತ್ತಿದರೆ ಅದು ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ರೇಖಾಗಣಿತದ ಈ ಮಾತನ್ನು ಇಲ್ಲಿಯೇ ಕಲಿತೆವು. ಸಾರುವೆಗೆ ಓರೆಯಾಗಿ ಕಟ್ಟುವ ಗಳ ಅದೇ ತ್ರಿಕೋನ. ಜೊತೆಗೆ ಸಾರುವೆಯನ್ನು ಗೋಡೆಗೂ ಬಿಗಿಯಬೇಕು. ಗಿಲಾವು ಮಾಡುವಾಗ ಅಡ್ಡ ಬಂತೆಂದು ಈ ಕಟ್ಟು ಬಿಚ್ಚುತ್ತಾರೆ, ಮತ್ತೆ ಕಟ್ಟುವುದಿಲ್ಲ.

ಆಧಾರವಿಲ್ಲದೆ ನಿಲ್ಲಿಸಿದ್ದು ಏನು ಮಾಡುತ್ತದೆಂದು ಬೆಂಗಳೂರು ಕಂಡಿದೆ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಸರಳುಗಳ ಎತ್ತರದ ಚೌಕಟ್ಟು ರಸ್ತೆಗೆ ಉರುಳಿತು. ಬೈಕಿನಲ್ಲಿ ಹೋಗುತ್ತಿದ್ದ ತಾಯಿಯೂ ಪುಟ್ಟ ಮಗುವೂ ತೀರಿಕೊಂಡರು. ಕಟ್ಟಡದ ಕೆಲಸಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಆದ್ದರಿಂದ ಸಾರುವೆಯ ಕೆಳಗೆ ಓಡಾಡುವ ದಾರಿಯನ್ನೂ ಹಗ್ಗ ಕಟ್ಟಿ ಮುಚ್ಚಬೇಕು.

ಮೂರನೆಯದು ಹಲಗೆ. ಸೀಳಿದ್ದು, ಗಂಟು ಬಿದ್ದದ್ದು ಬೇಡ. ತುದಿ ಆಧಾರದಿಂದ ಬಹಳ ಆಚೆ ಚಾಚಿದರೆ, ಆ ತುದಿಗೆ ಕಾಲಿಟ್ಟ ಕೂಡಲೇ ತಕ್ಕಡಿಯಂತೆ ಇನ್ನೊಂದು ತುದಿ ಮೇಲೇಳುತ್ತದೆ. ಹಲಗೆಗಳನ್ನು ಸಂದಿಲ್ಲದೆ ಹಾಸಿ ಎರಡೂ ತುದಿ ಕಟ್ಟಬೇಕು. ಭಾರವನ್ನೂ ಎಣಿಸಿ. ಒಂದು ಇಟ್ಟಿಗೆ ಸುಮಾರು 3 ಕಿಲೊ. ಅರವತ್ತು ಇಟ್ಟಿಗೆ ಪೇರಿಸಿದರೆ 180 ಕಿಲೊ, ಅಂದರೆ ಮೂವರು ಆಳು ನಿಂತಂತೆ. ಅದರ ಮೇಲೆ ಗೌಂಡಿ, ಆಳು, ಕಲಸಿದ ಸಿಮೆಂಟಿನ ಬುಟ್ಟಿ.

ನಾಲ್ಕನೆಯದು ಕಟಕಟೆ. ನಿಂತವನ ಸೊಂಟದ ಮಟ್ಟಕ್ಕೆ, ಸುಮಾರು 1 ಮೀಟರ್ ಎತ್ತರದಲ್ಲಿ ಒಂದು ಗಳ, ನಡುವೆ ಒಂದು, ಕಾಲ ಬಳಿ ಸಾಮಾನು ಜಾರದಂತೆ ಒಂದು ಪಟ್ಟಿ. ಏರಲು ಏಣಿ ಬೇಕು; ಕಂಬ ಹಿಡಿದು ಹತ್ತಬಾರದು. 4 ಅಡಿ ಎತ್ತರಕ್ಕೆ 1 ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರ ಇರಲಿ. ಹತ್ತಿರ ಕರೆಂಟಿನ ತಂತಿ ಇದ್ದರೆ ಸಾರುವೆ ಕಟ್ಟುವ ಮೊದಲೇ ಹೆಸ್ಕಾಂನವರಿಗೆ ತಿಳಿಸಿ.

ಕರಾವಳಿಯ ಒಂದು ನಗರದಲ್ಲಿ ನಮ್ಮ ಸೈಟಿನ ಪಕ್ಕದ ಕಟ್ಟಡದಿಂದ ಮುದ್ದೇಬಿಹಾಳ ಕಡೆಯ ಒಬ್ಬ ಗೌಂಡಿ ಬಿದ್ದ. ಸಾಮಾನು ಏರಿಸಲು ಕಟಕಟೆ ಬಿಚ್ಚಿದ್ದರು. ಹಲಗೆಯ ತುದಿ ಕಟ್ಟಿರಲಿಲ್ಲ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವನ ಮಗಳು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಳು. ಅವನ ಹೆಸರು ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಲಿಲ್ಲ.

ಆದ್ದರಿಂದ ಈ ಮಾತನ್ನೂ ಕೇಳಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರದ ಕಾಯ್ದೆ ಬಂತು, 2006ರಲ್ಲಿ ನಮ್ಮ ರಾಜ್ಯದ ನಿಯಮಗಳು ಬಂದವು. ಕಟ್ಟಡಗಳ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಸೇರುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಫಾರ್ಮು ತುಂಬಲು ಬಾರದ ಹಿರಿಯರಿಗೆ ಹತ್ತನೆಯ ತರಗತಿಯ ಮಕ್ಕಳು ತುಂಬಿಕೊಡಲಿ.

ಯಾರಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಿ ಟಂಟಂನಲ್ಲಿ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ನಾವು ಎತ್ತುವಾಗಲೇ ಅದು ಹೆಚ್ಚಾಗುತ್ತದೆ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ.

ಇವತ್ತು ಬೆಳಗಿನ ಸಭೆಯಲ್ಲಿ ಶಾಲೆಗೆ ಎರಡು ಹೊಸ ಕೋಣೆ ಕಟ್ಟಿಸಲು, ಹಳೆಯ ಕಟ್ಟಡಕ್ಕೆ ಬಣ್ಣ ಹಚ್ಚಿಸಲು ಹಳೆಯ ವಿದ್ಯಾರ್ಥಿಗಳು ಒಪ್ಪಿದ್ದೇವೆ. ನನ್ನ ಕೋರಿಕೆ ಮೂರು. ಅಂದಾಜುಪಟ್ಟಿಯಲ್ಲಿ ಸಾರುವೆಗೆ ಬೇರೆ ಸಾಲು ಹಾಕಿ ಹಣ ಇಡಿ. ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿ ಬಣ್ಣ ಹಚ್ಚಿಸುವುದು ಬೇಡ. ದಿನಾ ಬೆಳಗ್ಗೆ, ಹಾಗೆಯೇ ಮಳೆಗಾಳಿ ಆದ ಮೇಲೆ, ಸಾರುವೆಯನ್ನು ಬುಡದಿಂದ ತುದಿಯವರೆಗೆ ನೋಡಲು ತಿಳಿದವರೊಬ್ಬರನ್ನು ನೇಮಿಸಿ. ಅವರು ಹ್ಞೂಂ ಎಂದ ಮೇಲೆಯೇ ಯಾರಾದರೂ ಏರಲಿ. ಶ್ರಮದಾನ ಎಂದು ಮಕ್ಕಳನ್ನು ಮೇಲೆ ಹತ್ತಿಸಬೇಡಿ. ಆ ನೋಡುವ ಕೆಲಸಕ್ಕೆ ಮೊದಲ ವಾರ ನಾನೇ ರಜೆ ಹಾಕಿ ಬರುತ್ತೇನೆ.

ನಮ್ಮದು ಬಸವಣ್ಣನವರು ಹುಟ್ಟಿದ ನೆಲ. ಕಾಯಕ ದೊಡ್ಡದು ಎಂದು ಎಲ್ಲರೂ ಹೇಳುತ್ತೇವೆ. ಕಾಯಕ ಮಾಡಲು ಮೊದಲು ಕಾಯ ಉಳಿಯಬೇಕು. ಹೊಸ ಕೋಣೆಯ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುತ್ತೀರಿ, ಸಂತೋಷ. ಅದನ್ನು ಕಟ್ಟಿದ ಗೌಂಡಿಗಳೂ ಆಳುಗಳೂ ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ಕೂತು ಊಟ ಮಾಡಿ ಹೋಗಲಿ.