ನಮ್ಮ ನುಡಿಯ ವಂಶವೃಕ್ಷ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನಮ್ಮಲ್ಲಿ ಅನೇಕರು ಈ ಮಾತನ್ನು ಕೇಳಿರಬೇಕು: “ನಿಮ್ಮ ಕನ್ನಡ ತಮಿಳಿನ ಮಗಳಲ್ಲವೇ?” ಸಿಟ್ಟು ಬರುತ್ತದೆ, ಉತ್ತರ ಬರುವುದಿಲ್ಲ. ಆ ಉತ್ತರವನ್ನು ಇಂದು ಹುಡುಕೋಣ.

ಜೀವವಿಕಾಸವನ್ನು ಅಭ್ಯಸಿಸುವವರು ಡಿ.ಎನ್.ಎ. ಹೋಲಿಸಿ, ಯಾವ ಜೀವಿ ಯಾವುದಕ್ಕೆ ದಾಯಾದಿ, ಎಂದು ಬೇರೆಯಾಯಿತು ಎಂದು ಲೆಕ್ಕ ಹಾಕುತ್ತಾರೆ. ಅವರು ಹಿಡಿದ ದಾರಿಗಳಲ್ಲೊಂದು ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿ ತೋರಿದ್ದು. ಆತ ತೀರಿಕೊಂಡ ಮೇಲೆ, 1763ರಲ್ಲಿ, ಆ ಪ್ರಬಂಧ ಅಚ್ಚಾಯಿತು.

ಅದರ ತಿರುಳು ನಮ್ಮ ತಾಯಂದಿರಿಗೆ ಹೊಸದಲ್ಲ. ಪಾಳಿ ಮುಗಿದು ತಾಸಾದರೂ ಯಜಮಾನರು ಬಂದಿಲ್ಲ. ‘ಓವರ್‌ಟೈಮ್ ಇರಬೇಕು’ ಎಂಬುದು ಮೊದಲ ಊಹೆ. ಅಷ್ಟರಲ್ಲಿ ನೆರೆಯವರು ತೊಯ್ದುಕೊಂಡು ಬಂದು, ತೀನ್ ಹಾತ್ ನಾಕಾದಲ್ಲಿ ಗಾಡಿಗಳೆಲ್ಲ ನಿಂತಿವೆ ಎನ್ನುತ್ತಾರೆ. ಊಹೆ ಅತ್ತ ವಾಲುತ್ತದೆ. ಹೊಸ ಸಾಕ್ಷ್ಯದ ತೂಕಕ್ಕೆ ತಕ್ಕಷ್ಟೇ ಹಳೆಯ ನಂಬಿಕೆಯನ್ನು ತಿದ್ದಿಕೊಳ್ಳುವುದೇ ಬೇಯ್ಸನ ಗಣಿತ.

ಈ ಲೆಕ್ಕವನ್ನು ನಮ್ಮ ಭಾಷೆಗಳಿಗೂ ಹಚ್ಚಿದ್ದಾರೆ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಂಗಡಿಗರು 2018ರಲ್ಲಿ 20 ದ್ರಾವಿಡ ನುಡಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಜೀನುಗಳ ಸ್ಥಾನದಲ್ಲಿ ಇಲ್ಲಿ ದಿನಬಳಕೆಯ ಮೂಲ ಶಬ್ದಗಳು. ನಮ್ಮ ‘ಹಾಲು’, ಹಳಗನ್ನಡದ ‘ಪಾಲ್’, ತಮಿಳಿನ ‘ಪಾಲ್’, ತೆಲುಗಿನ ‘ಪಾಲು’ ಒಂದೇ ಬೇರಿನವು. ಎರವಲು ಶಬ್ದ ಮಾತ್ರ ನೆಂಟಸ್ತಿಕೆಗೆ ಸಾಕ್ಷಿಯಲ್ಲ. ನೆರೆಯವರು ‘ಅಣ್ಣಾ’ ಎಂದ ಮಾತ್ರಕ್ಕೆ ಮರಾಠಿ ದ್ರಾವಿಡ ನುಡಿಯಾಗದು. ಗಣಕಯಂತ್ರವು ಅಸಂಖ್ಯ ವಂಶವೃಕ್ಷಗಳನ್ನು ತೂಗಿ ನೋಡುತ್ತದೆ; ಹೆಚ್ಚಿನವು ಒಪ್ಪುವ ಕವಲಿಗೆ ಹೆಚ್ಚು ನಂಬಿಕೆ.

ಈ ಮನೆತನ ಕವಲೊಡೆದು ಸುಮಾರು 4500 ವರ್ಷವಾಗಿರಬೇಕೆಂದು ಅವರ ಎಣಿಕೆ. ಆದರೆ ಅದು ಸುಮಾರು 3000ದಿಂದ 6500ರವರೆಗೆ ಹಿಂದುಮುಂದಾಗಬಹುದು. ಹಿರಿಯ ಶಾಖೆಗಳ ಪರಸ್ಪರ ಸಂಬಂಧ ಪೂರ್ತಿ ಬಿಡಿಸಲಾಗಲಿಲ್ಲ ಎಂದೂ ಅವರು ಒಪ್ಪಿದರು. ಸಂದೇಹವನ್ನೂ ಅಳೆದು ಹೇಳುವುದು ಈ ವಿದ್ಯೆಯ ಪ್ರಾಮಾಣಿಕತೆ.

ಹಾಗಾದರೆ ಆ ಪ್ರಶ್ನೆಗೆ ಉತ್ತರವೇನು? ಕನ್ನಡವೂ ತಮಿಳೂ ಒಂದೇ ಮೂಲ ನುಡಿಯಿಂದ ಕವಲೊಡೆದವು ಎಂಬುದು ಭಾಷಾವಿಜ್ಞಾನಿಗಳ ಮತ. ಅವು ತಾಯಿ-ಮಕ್ಕಳಲ್ಲ, ಒಡಹುಟ್ಟಿದವು. ಇನ್ನು ಸಿಟ್ಟಿಗೆ ಎಡೆಯೆಲ್ಲಿ?

ಕಡೆಯದಾಗಿ ಒಂದು ಮಾತು. ವಿದ್ವಾಂಸರು ಎಣಿಸಿದ್ದು ಪಂಡಿತರ ಪದಗಳನ್ನಲ್ಲ. ಕಣ್ಣು, ಕೈ, ನೀರಿನಂಥ ಅಡಿಗೆಮನೆಯ ಮಾತುಗಳನ್ನು. ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದ ಆ ಮಾತುಗಳು ಠಾಣೆಯ ನಮ್ಮ ಕೋಣೆಯಲ್ಲಿ ಮಗುವಿನ ಬಾಯಿಗೆ ಬಾರದಿದ್ದರೆ, ಆ ಮನೆಯ ಮಟ್ಟಿಗೆ ಕವಲು ಅಲ್ಲಿಗೇ ಮುಗಿಯಿತು. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳು ನೀರನ್ನು ಕನ್ನಡದಲ್ಲಿ ಕೇಳಲಿ.