ಆಲೆಮನೆಯ ಹಣಕ್ಕೆ ಕಾವಲು

ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯವರಿಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಬೆಲ್ಲ ಮಾಡುವ ಬಗೆ ನಿಮಗೆ ಗೊತ್ತೇ ಇದೆ. ನಾನು ಹೇಳುವುದು ಬೆಲ್ಲದ ಹಣ ಕಾಯುವ ಬಗೆ.

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನು ಒಬ್ಬ, ಒಲೆಗೆ ಸಿಪ್ಪೆ ಹಾಕುವವನು ಇನ್ನೊಬ್ಬ. ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಹದ ನೋಡುವವನು ಮತ್ತೊಬ್ಬ. ಅವನು ‘ಇಳಿಸ್ರಪ್ಪಾ’ ಅನ್ನುವ ತನಕ ಯಾರೂ ಕೊಪ್ಪರಿಗೆ ಮುಟ್ಟುವುದಿಲ್ಲ. ಹಣದ ವಿಷಯದಲ್ಲೂ ಇಂಥ ಕಟ್ಟುಪಾಡು ಬೇಕು.

2016ರಲ್ಲಿ ಯು.ಪಿ.ಐ. ಪದ್ಧತಿ ಬಂತು. ಇದರಿಂದ ಆದ ಅನುಕೂಲ ದೊಡ್ಡದು. ನೋಟಿನ ಕಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಡಿಯಿಂದ ಬರುವ ಭಯ ಕಡಿಮೆಯಾಯಿತು. ಆದರೆ ಕಳ್ಳನೂ ದಾರಿ ಬದಲಾಯಿಸಿದ್ದಾನೆ.

ಮೊದಲನೆಯದಾಗಿ, ಬಾಗಿಲಲ್ಲಿ ಅಂಟಿಸಿರುವ ಕ್ಯೂ.ಆರ್. ಚೀಟಿ. ರಾತ್ರಿ ಯಾರೋ ಅದರ ಮೇಲೆ ತಮ್ಮ ಚೀಟಿ ಅಂಟಿಸಿ ಹೋದರೆ, ಬಂದ ಹಣವೆಲ್ಲ ಅವರ ಖಾತೆಗೆ. ದಿನಾ ಬೆಳಿಗ್ಗೆ ಬೇರೊಂದು ಫೋನಿನಿಂದ ಒಂದು ರೂಪಾಯಿ ಹಾಕಿ, ನಿಮ್ಮ ಹೆಸರೇ ಬರುತ್ತದೆಯೇ ನೋಡಿ.

ಎರಡನೆಯದು, ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ‘ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ ತಗೊಳ್ಳಿ ಯಜಮಾನ್ರೇ’ ಎಂದರೆ ಅವನು ಕೊಡುವವನಲ್ಲ, ಕೀಳುವವನು. ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣವೇ.

ಮೂರನೆಯದು, ಕೊಳ್ಳುವವನು ತನ್ನ ಫೋನು ತೋರಿಸಿದ ಮಾತ್ರಕ್ಕೆ ಬೆಲ್ಲದ ಮೂಟೆ ಎತ್ತಿಸಬೇಡಿ. ಸುಳ್ಳು ರಸೀದಿ ತಯಾರಿಸುವುದು ಸುಲಭ. ನಿಮ್ಮ ಖಾತೆಗೆ ಹಣ ಬಿದ್ದುದನ್ನು ನಿಮ್ಮ ಫೋನಿನಲ್ಲೇ ನೋಡಿ, ಆಮೇಲೆ ಗಾಡಿ ಬಿಡಿ.

ನಾಲ್ಕನೆಯದು, ಮದುವೆ ಕರೆಯೋಲೆ, ಸಹಾಯಧನದ ಪಟ್ಟಿ ಎಂದು ವಾಟ್ಸಾಪಿನಲ್ಲಿ ಬರುವ, ಹೆಸರಿನ ಕೊನೆಗೆ ಎ.ಪಿ.ಕೆ. ಎಂದಿರುವ ಕಡತ. ಕರೆಯೋಲೆಗೆ ಅಂಥ ಕಡತ ಬೇಕಾಗಿಲ್ಲ. ತೆರೆದು ಹಾಕಿಕೊಂಡರೆ ನಿಮ್ಮ ಫೋನು ಕಳ್ಳನ ಕೈಗೆ ಸಿಕ್ಕೀತು. ಕಳಿಸಿದವರು ನೆಂಟರೇ ಆಗಿರಲಿ, ಮೊದಲು ಮಾತಾಡಿ ಕೇಳಿ.

ಇನ್ನು ಒಗ್ಗಟ್ಟಿನ ಮಾತು. ಒಂದೇ ಫೋನು, ಒಂದೇ ಪಿನ್ನು, ನಾಲ್ಕು ಜನರ ಬಾಯಲ್ಲಿ ಇರಕೂಡದು. ಹಣ ಕಳಿಸುವವರು ಒಬ್ಬರಾದರೆ ಲೆಕ್ಕ ಬರೆಯುವವರು ಇನ್ನೊಬ್ಬರಿರಲಿ. ಸಂಜೆ ಒಲೆ ಆರುವ ಮುಂಚೆ ಮೂಟೆಯ ಲೆಕ್ಕ, ಪುಸ್ತಕದ ಲೆಕ್ಕ, ಖಾತೆಯ ಲೆಕ್ಕ ಮೂರನ್ನೂ ತಾಳೆ ನೋಡಿ. ಇದು ಅಪನಂಬಿಕೆಯಲ್ಲ, ಪಾಲುದಾರರ ನಡುವೆ ನಂಬಿಕೆ ಉಳಿಯುವ ದಾರಿಯೇ ಇದು.

ಇಷ್ಟಾದರೂ ಮೋಸವಾದರೆ, ಊರವರು ನಕ್ಕಾರು ಎಂದು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನು ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆದರೆ ಹಿಂದಕ್ಕೆ ಬರುವ ಆಸೆಯುಂಟು. ಗುಟ್ಟಿನ ಸಂಖ್ಯೆಯನ್ನು ಗ್ರಾಹಕರೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ ಎಂದು ರಿಸರ್ವ್ ಬ್ಯಾಂಕು 2017ರ ಸುತ್ತೋಲೆಯಲ್ಲಿ ಹೇಳಿತು. ಆದುದರಿಂದ ನಾಚಿಕೆಯಿಂದ ಕಳೆದ ಒಂದೊಂದು ಗಳಿಗೆಗೂ ಬೆಲೆ ಇದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು? ವರ್ಷವೆಲ್ಲ ನೀರು ಕಟ್ಟಿ ಬೆಳೆಸಿದ ಕಬ್ಬು, ಹಗಲಿರುಳು ಬೆಂಕಿಯ ಮುಂದೆ ಬೆಂದು ಮಾಡಿದ ಬೆಲ್ಲ. ಅದರ ಹಣ ನಿಮ್ಮ ಮನೆಗೇ ಸೇರಲಿ. ಇವತ್ತೇ ಪಾಲುದಾರರೆಲ್ಲ ಕೂತು, ಯಾರ ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ.